ಕಾಶಿಯಲ್ಲಿ ಗುಂಪಿನ ಕೊನೆಯ ಸಂಜೆ: ದೋಣಿ, ಆರತಿ, ಲೆಕ್ಕ, ಗಂಟುಮೂಟೆ

ಇಪ್ಪತ್ತು ಮಂದಿ ಒಟ್ಟಾಗಿ ಕಾಶಿಗೆ ಹೋದರೆ ಕೊನೆಯ ಸಂಜೆಗೆ ಏನೇನು ಬಾಕಿ ಉಳಿದಿರುತ್ತದೆ ಎಂಬುದನ್ನು ಹೊರಡುವ ಮೊದಲೇ ಹೇಳಿಬಿಡಬಹುದು. ಗಂಗಾರತಿ, ಇನ್ನೊಂದು ಸಲ ವಿಶ್ವನಾಥನ ದರ್ಶನ, ಬನಾರಸ್ ಸೀರೆ, ಕಾಶಿದಾರ, ಗಂಗೆಯ ತಂಬಿಗೆ, ಚಾಟ್, ಗ್ರೂಪ್ ಫೋಟೊ, ಖರ್ಚಿನ ಲೆಕ್ಕ, ಪ್ಯಾಕಿಂಗ್. ಇಷ್ಟೂ ಒಂದು ಸಂಜೆಯಲ್ಲಿ ಮುಗಿಯುವ ಮಾತಲ್ಲ. ಗೋದೌಲಿಯಾ ಚೌಕದಿಂದ ದಶಾಶ್ವಮೇಧ ಘಾಟ್‌ಗೆ ಅರ್ಧ ಕಿಲೋಮೀಟರ್ ಅಷ್ಟೇ, ಆದರೆ ಆರತಿಯ ಹೊತ್ತಿಗೆ ವಯಸ್ಸಾದವರನ್ನು ಕೈಹಿಡಿದು ಆ ಜನಜಂಗುಳಿ ದಾಟಿಸಲು ಅರ್ಧ ಗಂಟೆ ಬೇಕಾಗುತ್ತದೆ.

ಹಾಗಾಗಿ ಮೊದಲ ನಿಯಮ: ಕೊನೆಯ ಸಂಜೆಗೆ ಗಂಗೆಯೊಂದನ್ನೇ ಇಟ್ಟುಕೊಳ್ಳಿ. ಉಳಿದದ್ದನ್ನು ಹಿಂದಿನ ದಿನಕ್ಕೋ ಅಂದಿನ ಮಧ್ಯಾಹ್ನಕ್ಕೋ ತಳ್ಳಿ. ಅದು ಹೇಗೆ ಎಂಬುದೇ ಈ ಮಾರ್ಗದರ್ಶಿ.

ಮೊದಲು ವಾಪಸ್ ಟಿಕೆಟ್ ತೆಗೆದು ನೋಡಿ

ಸಂಜೆಯ ಯೋಜನೆ ಘಾಟ್‌ನಿಂದಲ್ಲ, ಟಿಕೆಟ್‌ನಿಂದ ಶುರುವಾಗಬೇಕು. ಕಾಶಿಯಿಂದ ಹೊರಡುವವರು ಗೊಂದಲಕ್ಕೆ ಬೀಳುವುದು ಸ್ಟೇಷನ್ ಹೆಸರಿನಲ್ಲಿ. ವಾರಾಣಸಿ ಜಂಕ್ಷನ್ (ಬಿಎಸ್‌ಬಿ) ಊರಿನೊಳಗಿದೆ. ಅದನ್ನು ಕ್ಯಾಂಟ್ ಸ್ಟೇಷನ್ ಎಂದರೆ ಆಟೊದವರಿಗೆ ಬೇಗ ತಿಳಿಯುತ್ತದೆ. ಬನಾರಸ್ (ಬಿಎಸ್‌ಬಿಎಸ್) ಬೇರೆಯೇ ಸ್ಟೇಷನ್. 2021ರವರೆಗೆ ಅದರ ಹೆಸರು ಮಂಡುವಾಡೀಹ್, ಸ್ಥಳೀಯರ ಬಾಯಲ್ಲಿ ಇಂದಿಗೂ ಅದೇ. ರಾಜಘಾಟ್ ಸೇತುವೆಯ ಬದಿಯಲ್ಲಿ ಕಾಶಿ ಎಂಬ ಮತ್ತೊಂದು ಚಿಕ್ಕ ಸ್ಟೇಷನ್ ಇದೆ. ಇನ್ನು ನಮ್ಮ ಕಡೆಯವರು ಹೆಚ್ಚಾಗಿ ಹತ್ತುವ ಸಂಘಮಿತ್ರ ಎಕ್ಸ್‌ಪ್ರೆಸ್ ಈ ಯಾವುದಕ್ಕೂ ಬರುವುದೇ ಇಲ್ಲ. ಅದು ನಿಲ್ಲುವುದು ಗಂಗೆಯ ಆಚೆ ದಡದ ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ (ಡಿಡಿಯು), ಅಂದರೆ 2018ರವರೆಗಿನ ಮೊಘಲ್‌ಸರಾಯ್‌ನಲ್ಲಿ. ಗೋದೌಲಿಯಾದಿಂದ ಅಲ್ಲಿಗೆ ಸುಮಾರು 17 ಕಿಲೋಮೀಟರ್. ದಾರಿಯಲ್ಲಿ 1887ರ ಮಾಳವೀಯ ಸೇತುವೆ ದಾಟಬೇಕು, ಅಲ್ಲಿ ವಾಹನ ನಿಂತರೆ ನಿಂತಂತೆಯೇ.

ಹೀಗೆ ಲೆಕ್ಕ ಹಾಕಿ:

ರಾತ್ರಿಯೇ ಡಿಡಿಯುನಿಂದ ರೈಲಿದ್ದರೆ ಘಾಟ್ ಬಿಟ್ಟ ಗಳಿಗೆಯಿಂದ ಪ್ಲಾಟ್‌ಫಾರ್ಮ್ ಮುಟ್ಟುವವರೆಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಒಂದೂವರೆ ಗಂಟೆ ರಸ್ತೆಗೆ, ಉಳಿದದ್ದು ಸಾಮಾನು ಇಳಿಸಿ, ಮೇಲ್ಸೇತುವೆ ಹತ್ತಿಸಿ, ಬೋಗಿ ಹುಡುಕುವುದಕ್ಕೆ. ಕ್ಯಾಂಟ್ ಅಥವಾ ಬನಾರಸ್ ಸ್ಟೇಷನ್ನಾದರೆ ಒಂದೂವರೆ ಗಂಟೆ ಸಾಕು. ವಿಮಾನ ನಿಲ್ದಾಣವಿರುವ ಬಾಬತ್‌ಪುರ ಊರಿನಿಂದ ಸುಮಾರು 25 ಕಿಲೋಮೀಟರ್. ರಾತ್ರಿಯ ವಿಮಾನ ಹಿಡಿಯುವವರು ದಶಾಶ್ವಮೇಧದ ಆರತಿಯ ಆಸೆಯನ್ನು ಹಿಂದಿನ ಸಂಜೆಯೇ ತೀರಿಸಿಕೊಂಡಿರಬೇಕು.

ರೈಲು ಮಧ್ಯರಾತ್ರಿ ದಾಟಿ 00:20ಕ್ಕೆ ಇದ್ದರೆ ಟಿಕೆಟ್‌ನ ತಾರೀಖು ಮರುದಿನದ್ದಾಗಿರುತ್ತದೆ. 14ನೇ ತಾರೀಖಿನ ಟಿಕೆಟ್ ಎಂದು 14ರ ರಾತ್ರಿ ಸ್ಟೇಷನ್ನಿಗೆ ಹೋದರೆ ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ. ಇಂಥ ಟಿಕೆಟ್ ಇದ್ದರೆ ‘13ರ ರಾತ್ರಿ ಊಟ ಮಾಡಿ ಹೊರಡುವುದು’ ಎಂದು ಗುಂಪಿಗೆ ಬಿಡಿಸಿ ಹೇಳಿ.

ಕತ್ತಲೆ ಬೇಗ, ಚಳಿ ಹೆಚ್ಚು, ನೀರು ಕೆಲವೊಮ್ಮೆ ಮೇಲೆ

ಕಾಶಿ ನಮಗಿಂತ ಉತ್ತರಕ್ಕೂ ಪೂರ್ವಕ್ಕೂ ಇದೆ. ಡಿಸೆಂಬರ್ ಆರಂಭದಲ್ಲಿ ಅಲ್ಲಿ ಸೂರ್ಯ ಮುಳುಗುವುದು 5:10ರ ಆಸುಪಾಸಿನಲ್ಲಿ, ಬೆಂಗಳೂರಿಗಿಂತ ಮುಕ್ಕಾಲು ಗಂಟೆ ಮೊದಲು. ಜೂನ್‌ನಲ್ಲಿ ಹೆಚ್ಚುಕಡಿಮೆ ಇಲ್ಲಿಯಷ್ಟೇ, 6:50ರ ಹೊತ್ತಿಗೆ. ಆರತಿ ಇದನ್ನೇ ಹಿಂಬಾಲಿಸುತ್ತದೆ: ಚಳಿಗಾಲದಲ್ಲಿ 6 ಗಂಟೆಯ ಹಿಂದುಮುಂದು, ಬೇಸಿಗೆಯಲ್ಲಿ 7ರ ಸುಮಾರಿಗೆ, ನಡೆಯುವುದು ಸುಮಾರು 45 ನಿಮಿಷ. ಅಂದಿನ ನಿಖರ ಸಮಯವನ್ನು ಬೆಳಿಗ್ಗೆ ಘಾಟ್‌ನಲ್ಲೇ ಕೇಳಿಕೊಳ್ಳಿ. ನಾಲ್ಕು ತಿಂಗಳ ಹಿಂದೆ ಹೋಗಿ ಬಂದವರು ಹೇಳಿದ ಸಮಯ ಉಪಯೋಗಕ್ಕೆ ಬಾರದು.

ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಅಲ್ಲಿಗೆ ಹೋದ ಮೇಲೆಯೇ ಹೊಳೆಯುತ್ತದೆ. ಘಾಟ್‌ಗಳೆಲ್ಲ ನದಿಯ ಪಶ್ಚಿಮ ದಡದಲ್ಲಿ ಪೂರ್ವಕ್ಕೆ ಮುಖ ಮಾಡಿವೆ. ಗಂಗೆಯ ಮೇಲೆ ಸೂರ್ಯೋದಯ ಉಂಟು, ಸೂರ್ಯಾಸ್ತ ಇಲ್ಲ. ಸಂಜೆ ಸೂರ್ಯ ಊರಿನ ಕಟ್ಟಡಗಳ ಹಿಂದೆ ಇಳಿಯುತ್ತಾನೆ, ಮೆಟ್ಟಿಲುಗಳು ಬೇಗ ನೆರಳಿಗೆ ಬೀಳುತ್ತವೆ. ‘ಸನ್‌ಸೆಟ್ ಬೋಟ್’ ಎಂದು ಹೆಚ್ಚು ದುಡ್ಡು ಕೇಳಿದರೆ ಅದರಲ್ಲಿ ಸಿಗುವುದು ಕಟ್ಟಡಗಳ ಹಿಂದಿನ ಕೆಂಪು ಆಕಾಶ ಮಾತ್ರ. ಚೆನ್ನಾಗಿಯೇ ಇರುತ್ತದೆ, ಆದರೆ ಹೆಚ್ಚುವರಿ ದುಡ್ಡಿಗೆ ತಕ್ಕುದಲ್ಲ.

ಡಿಸೆಂಬರ್, ಜನವರಿಯಲ್ಲಿ ನೀರಿನ ಮೇಲಿನ ಚಳಿ ಲಾಡ್ಜ್‌ನಲ್ಲಿ ಕೂತು ಊಹಿಸಿದ್ದಕ್ಕಿಂತ ಹೆಚ್ಚಿರುತ್ತದೆ. ವಯಸ್ಸಾದವರಿಗೆ ಕಿವಿ ಮುಚ್ಚುವ ಟೋಪಿ, ಕಾಲುಚೀಲ, ಶಾಲು ಕಡ್ಡಾಯ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ತೊಂದರೆ ಬೇರೆ: ನೀರು ಏರಿದರೆ ದೋಣಿಗಳನ್ನು ಪೂರ್ತಿ ನಿಲ್ಲಿಸುತ್ತಾರೆ. ವಾರಾಣಸಿಯಲ್ಲಿ ಗಂಗೆಯ ಎಚ್ಚರಿಕೆ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262 ಮೀಟರ್. ಮಳೆಗಾಲದಲ್ಲಿ ಸ್ಥಳೀಯ ಪತ್ರಿಕೆಗಳಲ್ಲಿ ದಿನವೂ ನೀರಿನ ಮಟ್ಟ ಬರುತ್ತದೆ. ಆದರೆ ಈ ಅಂಕಿ ಮುಟ್ಟುವುದಕ್ಕಿಂತ ಎಷ್ಟೋ ಮೊದಲೇ ಕೆಳಗಿನ ಮೆಟ್ಟಿಲು ಮುಳುಗಿ, ಆರತಿಯನ್ನು ಮೇಲಕ್ಕೆ, ಕೆಲವೊಮ್ಮೆ ಕಟ್ಟಡದ ತಾರಸಿಗೇ ಸಾಗಿಸುತ್ತಾರೆ.

ಹಿಂದಿನ ದಿನವೇ ಮುಗಿಯಬೇಕಾದದ್ದು

ವಿಶ್ವನಾಥನ ಎರಡನೇ ದರ್ಶನ ಕೊನೆಯ ಸಂಜೆಗೆ ಬೇಡವೇ ಬೇಡ. ಗುಡಿಯಿಂದ ಗಂಗೆಯವರೆಗಿನ ಕಾರಿಡಾರ್ 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ಮೇಲೆ ಒಳಗೆ ಜಾಗ ವಿಶಾಲವಾಗಿದೆ ನಿಜ, ಸರತಿ ಸಾಲು ಮಾತ್ರ ಊಹೆಗೆ ಸಿಗುವುದಿಲ್ಲ. ಸೋಮವಾರ, ಶ್ರಾವಣ, ಹಬ್ಬಗಳಲ್ಲಿ ಕೇಳಲೇಬೇಡಿ. ಒಳಗೆ ಮೊಬೈಲ್ ಬಿಡುವುದಿಲ್ಲ, ಲಾಕರ್‌ನಲ್ಲಿಟ್ಟು ಹೋಗಬೇಕು. ಇಪ್ಪತ್ತು ಜನ ಫೋನಿಲ್ಲದೆ ಬೇರೆ ಬೇರೆ ಗೇಟ್‌ಗಳಿಂದ ಹೊರಬಿದ್ದರೆ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಆರತಿ ಮುಗಿದುಹೋಗುತ್ತದೆ. ಇನ್ನೊಮ್ಮೆ ಹೋಗಲೇಬೇಕು ಎನ್ನುವವರು ಆರತಿ, ಊಟ ಎಲ್ಲ ಮುಗಿಸಿ ರಾತ್ರಿ ಹೋಗಲಿ, ಅದೂ ಮರುದಿನ ಬೆಳಿಗ್ಗೆ ಪ್ರಯಾಣ ಇರುವುದಾದರೆ. ಒಳಹೋದ ಗೇಟ್‌ನ ಸಂಖ್ಯೆ, ಲಾಕರ್ ಅಂಗಡಿಯ ಗುರುತು, ಸೇರುವ ಜಾಗ ಮೂರನ್ನೂ ಫೋನ್ ಒಪ್ಪಿಸುವ ಮೊದಲೇ ಬಾಯಿಪಾಠ ಮಾಡಿಕೊಳ್ಳಬೇಕು.

ಕಾಶಿದಾರ ತರುವುದಾದರೆ ಕಾಲಭೈರವನ ಗುಡಿಗೆ ಬೆಳಿಗ್ಗೆಯೇ ಹೋಗಿ. ಊರಿನಲ್ಲಿ ಹಂಚುವುದಕ್ಕೆ ಎಷ್ಟು ಬೇಕು ಎಂದು ಮನೆ ಮನೆಯ ಲೆಕ್ಕ ಮೊದಲೇ ಬರೆದಿಟ್ಟು ಎಲ್ಲರದ್ದನ್ನೂ ಒಬ್ಬರೇ ಕೊಂಡರೆ ಚೌಕಾಸಿಗೂ ಅನುಕೂಲ.

ಸೀರೆ ಅರ್ಧ ದಿನದ ಕೆಲಸ. ಡ್ರೈವರ್ ತಾನಾಗಿ ಕರೆದುಕೊಂಡು ಹೋಗುವ ಅಂಗಡಿಯಲ್ಲಿ ಅವನ ಕಮಿಷನ್ ನಿಮ್ಮ ಬಿಲ್ಲಿನೊಳಗೇ ಕೂತಿರುತ್ತದೆ. ಬನಾರಸ್ ಜರತಾರಿ ಸೀರೆಗೆ 2009ರಿಂದ ಭೌಗೋಳಿಕ ಗುರುತು ಇದೆ. ಸಿಲ್ಕ್ ಮಾರ್ಕ್ ಲೇಬಲ್ ನೂಲು ಅಪ್ಪಟ ರೇಷ್ಮೆ ಎಂದು ಹೇಳುತ್ತದೆಯೇ ಹೊರತು ಕೈಮಗ್ಗದ್ದು ಎಂದು ಹೇಳುವುದಿಲ್ಲ, ಅದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ. ‘ಹಿಂಬದಿಯಲ್ಲಿ ಎಳೆ ಜೋತಾಡುತ್ತಿದ್ದರೆ ಕೈಮಗ್ಗ’ ಎಂಬ ಮಾತು ಅರ್ಧಸತ್ಯ. ಪ್ರತಿ ಬೂಟಿಯನ್ನೂ ಬಿಡಿಬಿಡಿಯಾಗಿ ನೇಯುವ ಕಢುವಾದಲ್ಲಿ ಹಿಂಬದಿಯೂ ಚೊಕ್ಕಟವಾಗಿರುತ್ತದೆ. ಎಳೆಗಳು ಉದ್ದಕ್ಕೂ ಹರಿದು ಆಮೇಲೆ ಕತ್ತರಿಸಿದರೆ ಅದು ಕಟ್‌ವರ್ಕ್, ಅದು ಪವರ್‌ಲೂಮ್‌ನಲ್ಲೂ ಆಗುತ್ತದೆ. ಅಂಚಿನ ಉದ್ದಕ್ಕೆ ಸಣ್ಣ ಸೂಜಿತೂತುಗಳಿವೆಯೇ ನೋಡಿ. ಕೈಮಗ್ಗದಲ್ಲಿ ಬಟ್ಟೆಯನ್ನು ಅಗಲಕ್ಕೆ ಬಿಗಿಹಿಡಿದ ಗುರುತು ಅದು. ಇದೆಲ್ಲ ಹಗಲು ಬೆಳಕಿನಲ್ಲಿ ಮಾಡುವ ಪರೀಕ್ಷೆ. ಆರತಿ ಮುಗಿಸಿ ರಾತ್ರಿ ಎಂಟೂವರೆಗೆ ಟ್ಯೂಬ್‌ಲೈಟ್ ಕೆಳಗೆ ಕೊಂಡ ಸೀರೆಯ ಬಣ್ಣ ಊರಿಗೆ ಬಂದ ಮೇಲೆ ಬೇರೆಯಾಗಿ ಕಾಣುವುದು ಹೊಸದಲ್ಲ.

ಸ್ಫಟಿಕದ ಲಿಂಗ, ರುದ್ರಾಕ್ಷಿ, ಪಚ್ಚೆ, ಹವಳ: ಗುರುತಿರುವ ಅಂಗಡಿ ಇಲ್ಲದಿದ್ದರೆ ಬಿಟ್ಟುಬಿಡಿ. ನೀರಿನಲ್ಲಿ ಮುಳುಗಿಸಿ ತೋರಿಸುವ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಮರದ ಅರಗಿನ ಬಣ್ಣದ ಆಟಿಕೆಗಳು ಕಾಶಿಯವೇ, ಹಗುರ, ಮಕ್ಕಳಿಗೆ ಒಳ್ಳೆಯ ಉಡುಗೊರೆ. ಬೂದುಗುಂಬಳದ ಕಾಶಿ ಹಲ್ವ ಮಾತ್ರ ಇಲ್ಲಿ ಹುಡುಕಬೇಡಿ, ಅದು ನಮ್ಮ ಮದುವೆಮನೆಗಳದ್ದು.

ದೋಣಿ

ಆರತಿಯನ್ನು ಮೆಟ್ಟಿಲ ಮೇಲಿಂದ ನೋಡಬೇಕೋ ನೀರಿನ ಮೇಲಿಂದಲೋ ಎಂಬ ವಾದಕ್ಕೆ ಗುಂಪಿನ ಮಟ್ಟಿಗೆ ಉತ್ತರ ಒಂದೇ, ದೋಣಿ. ಅರ್ಚಕರು ನಿಲ್ಲುವುದು ಗಂಗೆಗೆ ಮುಖ ಮಾಡಿ. ಮೆಟ್ಟಿಲ ಮೇಲೆ ಕೂತವರಿಗೆ ಹೆಚ್ಚು ಹೊತ್ತು ಬೆನ್ನು ಕಾಣುತ್ತದೆ, ದೋಣಿಯಲ್ಲಿರುವವರಿಗೆ ಮುಖ ಮತ್ತು ದೀಪ. ಅದಕ್ಕಿಂತ ದೊಡ್ಡ ಲಾಭವೆಂದರೆ ಇಪ್ಪತ್ತು ಜನರೂ ಒಂದೇ ಕಡೆ ಕೂತಿರುತ್ತಾರೆ, ಯಾರೂ ಕಳೆದುಹೋಗುವುದಿಲ್ಲ. ಗೋದೌಲಿಯಾದ ಜಂಗುಳಿಯನ್ನು ಹೋಗುವಾಗಲೂ ಬರುವಾಗಲೂ ತಪ್ಪಿಸಬಹುದು.

ಹತ್ತುವುದು ದಶಾಶ್ವಮೇಧದಲ್ಲಲ್ಲ, ದಕ್ಷಿಣ ತುದಿಯ ಅಸ್ಸಿ ಘಾಟ್‌ನಲ್ಲಿ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ಅಸ್ಸಿಯಿಂದ ದಶಾಶ್ವಮೇಧಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ಹರಿವಿನ ಜೊತೆಗೇ ಹೋಗುವುದು. ಹುಟ್ಟು ಹಾಕುವ ದೋಣಿಗೆ ಮುಕ್ಕಾಲು ಗಂಟೆ, ಮೋಟಾರ್ ದೋಣಿಗೆ ಇಪ್ಪತ್ತು ನಿಮಿಷ. ದಾರಿಯಲ್ಲಿ ತುಳಸಿ ಘಾಟ್, ಚೇತ್‌ಸಿಂಗ್ ಕೋಟೆ, ಶಿವಾಲಾ, ಹನುಮಾನ್ ಘಾಟ್, ಅದರಾಚೆ ಹರಿಶ್ಚಂದ್ರ ಘಾಟ್‌ಗೆ ಒತ್ತಿಕೊಂಡೇ ಕರ್ನಾಟಕ ಘಾಟ್, ಮುಂದೆ ಕೆಂಪು ಬಿಳಿ ಪಟ್ಟೆಯ ಕೇದಾರ ಘಾಟ್. ಘಾಟ್‌ಗಳ ಹೆಸರು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ನಾಗರಿ ಓದುವವರನ್ನು ಒಬ್ಬರನ್ನು ದೋಣಿಯ ಮುಂದೆ ಕೂರಿಸಿ ಜೋರಾಗಿ ಓದಲು ಹೇಳಿದರೆ ಗೈಡ್ ಬೇಕಿಲ್ಲ.

ಇಳಿಯುವುದು ಎಲ್ಲಿ ಎಂಬುದನ್ನು ಟಿಕೆಟ್ ನಿರ್ಧರಿಸಲಿ. ಲಾಡ್ಜ್ ಅಸ್ಸಿ ಕಡೆ ಇದ್ದರೆ ಅಸ್ಸಿಗೇ ವಾಪಸ್ ಬನ್ನಿ. ರಾತ್ರಿ ಡಿಡಿಯುಗೆ ಹೋಗಬೇಕಿದ್ದರೆ ಮುಂದಕ್ಕೇ ಸಾಗಿ, ಮಣಿಕರ್ಣಿಕಾ, ಪಂಚಗಂಗಾ ದಾಟಿ, ಮಾಳವೀಯ ಸೇತುವೆಯ ಕೆಳಗೆ ಹಾದು ನಮೋ ಘಾಟ್‌ನಲ್ಲಿ ಇಳಿಯಿರಿ. ಅಲ್ಲಿ ವಾಹನ ನಿಲ್ಲಿಸಲು ವಿಶಾಲ ಜಾಗವಿದೆ, ಇಳಿಜಾರು ದಾರಿ ಇರುವುದರಿಂದ ಮಂಡಿನೋವಿನವರಿಗೂ ಗಾಲಿಕುರ್ಚಿಗೂ ಸುಲಭ, ಮೇಲಾಗಿ ಸೇತುವೆಯ ರಸ್ತೆ ಪಕ್ಕದಲ್ಲೇ. ಸಾಮಾನನ್ನೆಲ್ಲ ಮಧ್ಯಾಹ್ನವೇ ಬಸ್ಸಿಗೆ ಹಾಕಿ ಬಸ್ಸನ್ನು ಅಲ್ಲಿ ನಿಲ್ಲಿಸಿ, ಕಾವಲಿಗೆ ಒಬ್ಬರಿರಲಿ. ಊರಿನ ಜಾಮ್ ಪೂರ್ತಿ ತಪ್ಪಿದಂತೆ. ಸೇತುವೆಯ ಮೇಲೆ ದೊಡ್ಡ ಬಸ್ಸಿಗೆ ಆ ಹೊತ್ತಿನಲ್ಲಿ ತಡೆ ಇದೆಯೇ ಎಂದು ಡ್ರೈವರ್ ಬೆಳಿಗ್ಗೆಯೇ ವಿಚಾರಿಸಿಕೊಂಡಿರಲಿ. ತಡೆ ಇದ್ದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ (ಬಿಎಚ್‌ಯು) ಕಡೆಯ ಸಾಮ್ನೆ ಘಾಟ್ ಸೇತುವೆ ಹಿಡಿದು ರಾಮನಗರದ ಮೇಲೆ ಹೋಗಬೇಕಾಗುತ್ತದೆ, ಆಗ ಅಸ್ಸಿಗೆ ವಾಪಸಾಗುವುದೇ ಸರಿ.

ದೋಣಿಯನ್ನು ಅಂದಿನ ಬೆಳಿಗ್ಗೆ ಮಾತಾಡಿ. ಸಂಜೆ ಐದಕ್ಕೆ ಹೋಗಿ ಕೇಳಿದರೆ ರೇಟು ಅವರದ್ದು. ಮಾತು ಹೀಗೆ ಖಚಿತವಾಗಲಿ:

1. ರೇಟು ತಲೆಗಲ್ಲ, ಪೂರ್ತಿ ದೋಣಿಗೆ. ‘ಪೂರೀ ನಾವ್ ಕಾ ಕಿತನಾ?’ ಎಂದೇ ಕೇಳಿ. ತಲೆ ಲೆಕ್ಕದಲ್ಲಿ ಒಪ್ಪಿಕೊಂಡರೆ ದಾರಿಯಲ್ಲಿ ಬೇರೆಯವರನ್ನೂ ತುಂಬಿಸುತ್ತಾರೆ.
2. ಎಲ್ಲಿಂದ ಎಲ್ಲಿಗೆ, ಮಣಿಕರ್ಣಿಕಾವರೆಗೆ ಹೋಗುವುದು ಸೇರಿದೆಯೋ ಇಲ್ಲವೋ.
3. ‘ಆರತಿ ಖತಮ್ ಹೋನೇ ತಕ್’ ಎಂದರೆ ಆರತಿ ಪೂರ್ತಿ ಮುಗಿಯುವವರೆಗೆ. ಇದನ್ನು ಹೇಳದಿದ್ದರೆ ಅರ್ಧಕ್ಕೆ ದೋಣಿ ತಿರುಗಿಸಿ ಮುಂದಿನ ಗಿರಾಕಿಗೆ ಓಡುತ್ತಾರೆ.
4. ಗುಂಪಿನಲ್ಲಿರುವಷ್ಟೂ ಲೈಫ್ ಜಾಕೆಟ್. ಎಣಿಸಿಯೇ ಹತ್ತಿ. ಬಕಲ್ ಮುರಿದದ್ದು ಲೆಕ್ಕಕ್ಕಿಲ್ಲ.
5. ಇಪ್ಪತ್ತು ಜನರಿಗೆ ಮೂವತ್ತು ಜನರ ದೋಣಿ. ಭರ್ತಿ ತುಂಬಿದ ದೋಣಿಯಲ್ಲಿ ಫೋಟೊ ತೆಗೆಯಲು ಎಲ್ಲರೂ ಒಂದೇ ಬದಿಗೆ ವಾಲುತ್ತಾರೆ, ಅಪಾಯ ಅಲ್ಲಿಯೇ.
6. ಮುಂಗಡ ಕಾಲು ಭಾಗ ಸಾಕು. ಬಾಕಿ ಇಳಿದ ಮೇಲೆ. ದೋಣಿಯವನ ನಂಬರ್ ಜೊತೆಗೆ ದೋಣಿಯ ಮೇಲೆ ಬರೆದಿರುವ ನಂಬರನ್ನೂ ಫೋಟೊ ತೆಗೆದಿಡಿ.

ರಾತ್ರಿ ಎಷ್ಟು ಹೊತ್ತಿನವರೆಗೆ ದೋಣಿ ನಡೆಸಬಹುದು ಎಂಬುದಕ್ಕೆ ಆಡಳಿತದ ಮಿತಿ ಇರುತ್ತದೆ, ಅದು ಋತುವಿಗೆ ತಕ್ಕಂತೆ ಬದಲಾಗುತ್ತದೆ. ನಮೋ ಘಾಟ್‌ವರೆಗೆ ಹೋಗುವ ಯೋಜನೆ ಆ ಮಿತಿಯೊಳಗೆ ಬರುತ್ತದೆಯೇ ಎಂದು ಮಾತಾಡುವಾಗಲೇ ಕೇಳಿ. ಬರದಿದ್ದರೆ ಮಣಿಕರ್ಣಿಕಾವನ್ನು ಆರತಿಗೆ ಮೊದಲೇ ನೋಡಿ ಹಿಂದಿರುಗಿ.

ಹೊರಡುವುದು ಆರತಿಗೆ ಒಂದೂವರೆ ಗಂಟೆ ಮೊದಲು. ದಶಾಶ್ವಮೇಧದೆದುರು ಅರ್ಧ ಗಂಟೆಯಾದರೂ ಮುಂಚೆ ದೋಣಿ ಕಟ್ಟಿದರೆ ಮುಂದಿನ ಸಾಲುಗಳಲ್ಲಿ ಜಾಗ ಸಿಗುತ್ತದೆ. ಆಮೇಲೆ ಬಂದ ದೋಣಿಗಳು ಹಿಂದೆ, ಪಕ್ಕದಲ್ಲಿ ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ನಿಲ್ಲುತ್ತವೆ. ಅಲ್ಲಿಂದಾಚೆ ನೀವು ಕೈದಿಗಳು. ಆರತಿ ಮುಗಿದು ಹಿಂದಿನ ದೋಣಿಗಳು ಹೊರಡುವವರೆಗೆ ಯಾರಿಗೂ ಇಳಿಯಲಾಗದು. ಆದ್ದರಿಂದ ಅಸ್ಸಿಯಲ್ಲಿ ಹತ್ತುವ ಮೊದಲು ಇಪ್ಪತ್ತು ಮಂದಿಯೂ ಶೌಚಾಲಯಕ್ಕೆ ಹೋಗಿ ಬರಬೇಕು. ಹತ್ತು ನಿಮಿಷವಲ್ಲ, ಇದಕ್ಕೇ ಇಪ್ಪತ್ತೈದು ನಿಮಿಷ ಇಟ್ಟುಕೊಳ್ಳಿ. ಮಧುಮೇಹ ಇರುವವರ ಬಳಿ ಬಿಸ್ಕತ್ತು, ಎಲ್ಲರ ಬಳಿ ಅರ್ಧ ಲೀಟರ್ ನೀರು. ಧೂಪದ ಹೊಗೆ ನೀರಿನ ಕಡೆಗೇ ತೂರಿಬರುವ ಸಂಜೆಗಳಿವೆ, ಉಬ್ಬಸವಿರುವವರು ಇನ್‌ಹೇಲರ್ ಸೂಟ್‌ಕೇಸಿನಲ್ಲಿ ಬಿಟ್ಟು ಬರಬಾರದು.

ಚಹಾ, ಹೂದೀಪ ಮಾರುವ ಹುಡುಗರು ದೋಣಿಯಿಂದ ದೋಣಿಗೆ ದಾಟಿ ಬರುತ್ತಾರೆ. ಕೈಚೀಲ ಪಕ್ಕದಲ್ಲಲ್ಲ, ತೊಡೆಯ ಮೇಲಿರಲಿ. ದೀಪವನ್ನು ಎಲೆಯ ದೊನ್ನೆಯಲ್ಲಿರುವುದನ್ನೇ ಕೊಳ್ಳಿ. ಬಿಡುವಾಗ ಒಬ್ಬೊಬ್ಬರಾಗಿ, ಕೂತುಕೊಂಡೇ, ಪಾಲಿಸ್ಟರ್ ಸೀರೆಯ ಸೆರಗು ಸಿಕ್ಕಿಸಿಕೊಂಡು. ಎಲ್ಲರೂ ಒಟ್ಟಿಗೆ ಬಿಡಬೇಕೆಂಬ ಹುಮ್ಮಸ್ಸಿಗೆ ದೋಣಿ ವಾಲುತ್ತದೆ. ಮಣಿಕರ್ಣಿಕಾ, ಹರಿಶ್ಚಂದ್ರದ ಮುಂದೆ ಫೋನ್‌ಗಳು ಜೇಬಿನಲ್ಲಿರಲಿ. ಅಲ್ಲಿ ಉರಿಯುತ್ತಿರುವುದು ಯಾರದೋ ಮನೆಯವರ ಚಿತೆ.

ಗ್ರೂಪ್ ಫೋಟೊ ಹತ್ತುವ ಮೊದಲೇ ಮುಗಿಯಲಿ, ಬೆಳಕಿರುವಾಗಲೇ. ಮೆಟ್ಟಿಲಿನ ಮೇಲೆ ಕೂತರೆ ಸಾಲುಗಳು ತಾವಾಗಿಯೇ ಆಗುತ್ತವೆ. ಆದರೆ ಕೆಳಗೆ ನಿಂತು ಮೇಲಕ್ಕೆ ತೆಗೆದರೆ ಹಿಂದೆ ಪಶ್ಚಿಮದ ಬೆಳ್ಳನೆಯ ಆಕಾಶ ಬಂದು ಮುಖಗಳೆಲ್ಲ ಕಪ್ಪಾಗುತ್ತವೆ. ಚೌಕಟ್ಟಿನಿಂದ ಆಕಾಶವನ್ನು ಹೊರಗಿಡಿ, ಹಿಂದೆ ಮೆಟ್ಟಿಲು ಗೋಡೆ ಮಾತ್ರ ಬರಲಿ, ಪರದೆಯ ಮೇಲೆ ಒಂದು ಮುಖವನ್ನು ಮುಟ್ಟಿ ಬೆಳಕು ಸರಿಮಾಡಿ. ಐದಾರು ಸಲ ಕ್ಲಿಕ್ ಮಾಡಿ. ಇಪ್ಪತ್ತು ಜನರಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ.

ದೋಣಿ ಇಲ್ಲದ ದಿನ

ಮಳೆಗಾಲದಲ್ಲಿ, ಅಥವಾ ನೀರಿಗೆ ಹೆದರುವವರು ಹೆಚ್ಚಿದ್ದರೆ, ದಶಾಶ್ವಮೇಧದ ಹಟ ಬಿಡಿ. ಅಸ್ಸಿಯಲ್ಲೂ ಸಂಜೆ ಆರತಿ ಇದೆ, ಜಾಗ ವಿಶಾಲ, ಜನ ಕಡಿಮೆ. ದಶಾಶ್ವಮೇಧವೇ ಬೇಕೆಂದರೆ ಒಂದು ಗಂಟೆ ಮೊದಲು ಹೋಗಿ ಒಟ್ಟಿಗೆ ಕೂರಬೇಕು, ಕೂರಲು ಹಳೆಯ ಚಾಪೆ ಒಯ್ಯಬೇಕು, ಮುಗಿದ ಮೇಲೆ ಅರ್ಧ ಗಂಟೆ ಕೂತಲ್ಲೇ ಕೂತಿರಬೇಕು. ಎದ್ದ ಕೂಡಲೇ ನೂಕುವ ಜನಸಾಗರದಲ್ಲಿ ಇಳಿವಯಸ್ಸಿನವರು ಎಡವುವುದು ಮೇಲಿನ ಮೆಟ್ಟಿಲುಗಳಲ್ಲಿ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯ ದಿನ ಈ ಯಾವ ಲೆಕ್ಕವೂ ನಡೆಯದು. ಅಂದು ದೋಣಿಯ ರೇಟು ಹಲವು ಪಟ್ಟು, ರಸ್ತೆಗಳು ಮಧ್ಯಾಹ್ನದಿಂದಲೇ ಬಂದ್. ವಾಪಸ್ ಪ್ರಯಾಣವನ್ನು ಆ ರಾತ್ರಿಗೆ ಇಟ್ಟುಕೊಳ್ಳಲೇಬೇಡಿ.

ಅಸ್ಸಿಗೂ ಸಂಜೆ ದೊಡ್ಡ ಬಸ್ಸು ಹತ್ತಿರ ಬರುವುದಿಲ್ಲ. ಇ-ರಿಕ್ಷಾಕ್ಕೆ ನಾಲ್ಕು ಜನರಂತೆ ಐದು ಬೇಕು. ಪ್ರತಿಯೊಂದರಲ್ಲೂ ಹಿಂದಿ ಬರುವವರು ಒಬ್ಬರು, ಚಾರ್ಜ್ ಇರುವ ಫೋನು ಒಂದು. ಹಿಂದಿ ಬರುವ ನಾಲ್ವರೂ ಮೊದಲ ರಿಕ್ಷಾದಲ್ಲೇ ಹತ್ತಿ ಹೋಗುವುದು ಪ್ರತಿ ಗುಂಪಿನಲ್ಲೂ ನಡೆಯುವ ಕತೆ.

ಯಾರಾದರೂ ತಪ್ಪಿಸಿಕೊಂಡರೆ ಏನು ಮಾಡಬೇಕೆಂದು ಮೊದಲೇ ಹೇಳಿಡಿ. ‘ಮೆಟ್ಟಿಲ ಹತ್ತಿರ ಸೇರೋಣ’ ಎಂದರೆ ಕಾಶಿಯಲ್ಲಿ ಅರ್ಥವಿಲ್ಲ. ದಶಾಶ್ವಮೇಧಕ್ಕೆ ತುಸು ದಕ್ಷಿಣದ ದರ್ಭಂಗಾ ಘಾಟ್‌ನ ಎತ್ತರದ ಅರಮನೆ ಯಾರ ಕಣ್ಣಿಗೂ ತಪ್ಪುವುದಿಲ್ಲ, ಅಲ್ಲಿ ಜನವೂ ಕಡಿಮೆ. ರಸ್ತೆ ಕಡೆಯಾದರೆ ಗೋದೌಲಿಯಾ ಚೌಕದ ನಂದಿ. ಕಳೆದುಹೋದವರು ಹುಡುಕುತ್ತಾ ತಿರುಗಬಾರದು, ಆ ಜಾಗಕ್ಕೆ ಹೋಗಿ ನಿಲ್ಲಬೇಕು. ಹುಡುಕುವವರು ಒಬ್ಬರೇ. ಆರತಿಯ ಹೊತ್ತಿನಲ್ಲಿ ಕರೆ ಹೋಗದಿರುವುದು ಸಾಮಾನ್ಯ, ಎಸ್‌ಎಂಎಸ್ ಕಳಿಸಿ. ಲಾಡ್ಜ್‌ನ ಹೆಸರು, ಹತ್ತಿರದ ಘಾಟ್, ಇಬ್ಬರ ಫೋನ್ ನಂಬರ್ ಹಿಂದಿಯಲ್ಲಿ ಬರೆದ ಚೀಟಿ ಪ್ರತಿ ಹಿರಿಯರ ಜೇಬಿನಲ್ಲಿರಲಿ. ತಲೆ ಎಣಿಕೆಗೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟು ಅವರವರೇ ಕೂಗುವಂತೆ ಮಾಡಿ. ಒಬ್ಬರು ಎಣಿಸಿದರೆ ಎಣಿಸುವವರು ತಮ್ಮನ್ನೇ ಬಿಟ್ಟು ಹತ್ತೊಂಬತ್ತು ಎನ್ನುತ್ತಾರೆ.

ಊಟ

ಆರತಿ ಬಿಟ್ಟ ಮೇಲೆ ಗೋದೌಲಿಯಾದಲ್ಲಿ ಇಪ್ಪತ್ತು ಜನಕ್ಕೆ ಒಟ್ಟಿಗೆ ಕೂರುವ ಜಾಗ ಸಿಗುವುದಿಲ್ಲ. ಟಮಾಟರ್ ಚಾಟ್, ಚಳಿಗಾಲದ ಮಲಯ್ಯೋ (ಹಾಲಿನ ನೊರೆಯ ಸಿಹಿ), ಲಸ್ಸಿ ಎಲ್ಲವನ್ನೂ ಹಿಂದಿನ ದಿನವೇ ನಾಲ್ಕಾರು ಜನರಂತೆ ಹಂಚಿಕೊಂಡು ತಿಂದು ಮುಗಿಸಿ. ಮಲಯ್ಯೋ ಬೆಳಗಿನ ತಿಂಡಿ, ಸಂಜೆಗೆ ಕಾಯಬೇಡಿ. ಮುಂದೆ ರೈಲಿನಲ್ಲಿ ಎರಡು ರಾತ್ರಿ ಕಳೆಯುವವರು ಕೊನೆಯ ಸಂಜೆ ಬೀದಿಯ ಹಸಿ ಚಟ್ನಿ, ಐಸ್ ಹಾಕಿದ ಪಾನಕ ಮುಟ್ಟದಿರುವುದು ಮೇಲು. ಹೊಟ್ಟೆ ಕೆಟ್ಟರೆ ಅದು ತಿಳಿಯುವುದು ರೈಲು ಹತ್ತಿದ ಮೇಲೆ. ಠಂಡಾಯಿ ಕುಡಿಯುವವರು ‘ಬಿನಾ ಭಾಂಗ್’ ಎಂದು ಎರಡು ಸಲ ಹೇಳಿ, ಉತ್ತರ ಕೇಳಿಸಿಕೊಂಡೇ ಲೋಟ ಹಿಡಿಯಲಿ. ಉತ್ತರ ಪ್ರದೇಶದಲ್ಲಿ ಲೈಸೆನ್ಸ್ ಇರುವ ಅಂಗಡಿಗಳಲ್ಲಿ ಭಂಗಿ ಬಹಿರಂಗವಾಗಿಯೇ ಸಿಗುತ್ತದೆ, ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಅದು ಆಟವಲ್ಲ.

ಜೊತೆಗೆ ಅಡುಗೆಯವರನ್ನು ಕರೆತಂದ ಗುಂಪುಗಳಿಗೆ ಕೊನೆಯ ರಾತ್ರಿ ಬಿಸಿಬೇಳೆಬಾತ್, ಮೊಸರನ್ನ ಸಾಕು. ಒಬ್ಬಟ್ಟು ಮಾಡಿಸುವ ಉತ್ಸಾಹ ಬೇಡ, ಪಾತ್ರೆ ತೊಳೆದು ಒಣಗಿಸಿ ಕಟ್ಟಬೇಕಾದವರು ಅವರೇ. ಇಲ್ಲದವರು ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತಿನ ದಕ್ಷಿಣದವರ ಮನೆಯೂಟದ ಜಾಗಗಳಲ್ಲಿ ಬೆಳಿಗ್ಗೆಯೇ ಸಂಖ್ಯೆ ಹೇಳಿಡಬೇಕು. ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠದಲ್ಲಿ ಉಳಿದುಕೊಂಡವರು ಅಲ್ಲಿನ ಪ್ರಸಾದದ ಸಮಯ ವಿಚಾರಿಸಿಕೊಂಡು ಆರತಿಯಿಂದ ಎಷ್ಟು ಹೊತ್ತಿಗೆ ವಾಪಸಾಗಬೇಕು ಎಂದು ಗೊತ್ತುಮಾಡಿಕೊಳ್ಳಲಿ.

ಲೆಕ್ಕ: ಮಧ್ಯಾಹ್ನ ಮೂರಕ್ಕೆ, ರಾತ್ರಿ ಹನ್ನೊಂದಕ್ಕಲ್ಲ

ಐದು ದಿನ ನಗುನಗುತ್ತ ಕಳೆದ ಗುಂಪು ಮುಖ ಸಿಂಡರಿಸುವುದು ಲೆಕ್ಕದಲ್ಲಿ, ಅದೂ ದಣಿದ ರಾತ್ರಿಯಲ್ಲಿ. ಮಧ್ಯಾಹ್ನ ಊಟ ಮುಗಿಸಿ ಮಲಗಿ ಎದ್ದ ಹೊತ್ತಿಗೆ ಕೂತರೆ ಒಂದು ಗಂಟೆಯಲ್ಲಿ ಆಗುತ್ತದೆ. ಕೊಠಡಿ ಬಾಡಿಗೆ ಕೊಠಡಿಯವರದ್ದು, ಅದನ್ನು ಜಂಟಿ ಲೆಕ್ಕಕ್ಕೆ ತರಲೇಬೇಡಿ. ಸೀರೆ, ಪೂಜೆ, ದಕ್ಷಿಣೆ ಅವರವರದ್ದು. ವಾಹನ, ಊಟ, ದೋಣಿ, ಅಡುಗೆಯವರ ಸಂಬಳ, ಟಿಪ್ಸ್ ಮಾತ್ರ ಜಂಟಿ. ಸಂಜೆಯ ದೋಣಿಯ ಬಾಕಿ, ರಾತ್ರಿ ಊಟ, ಡ್ರೈವರ್ ಕೈಗೆ ಕೊಡುವುದು ಇನ್ನೂ ಖರ್ಚಾಗಿಲ್ಲವಾದರೂ ಸೇರಿಸಿಯೇ ಒಟ್ಟು ಹಾಕಿ, ಆ ದುಡ್ಡನ್ನು ಬೇರೆ ಕವರಿನಲ್ಲಿಡಿ.

ಉದಾಹರಣೆಗೆ 20 ಜನ, ಅದರಲ್ಲಿ ಇಬ್ಬರು ಮಕ್ಕಳಿಗೆ ಅರ್ಧ ಪಾಲು. ಒಟ್ಟು 19 ಪಾಲು. ಜಂಟಿ ಖರ್ಚು 1,14,000 ರೂಪಾಯಿ. ಪಾಲಿಗೆ 6,000. ಹೊರಡುವಾಗ ದೊಡ್ಡವರಿಂದ 5,500, ಮಕ್ಕಳಿಗೆ 2,750 ವಸೂಲಾಗಿದ್ದರೆ ಕೈಯಲ್ಲಿದ್ದದ್ದು 1,04,500. ಕಡಿಮೆ ಬಿದ್ದ 9,500ರಲ್ಲಿ ಒಬ್ಬರು 6,500, ಇನ್ನೊಬ್ಬರು 3,000 ಕೈಯಿಂದ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ದೊಡ್ಡವರೆಲ್ಲ ಇನ್ನು 500, ಮಕ್ಕಳಿಗೆ 250 ಕೊಡಬೇಕು. ಮೊದಲನೆಯವರ ಸ್ವಂತ 500 ಕಳೆದರೆ ಅವರಿಗೆ ಬರಬೇಕಾದದ್ದು 6,000, ಎರಡನೆಯವರಿಗೆ 2,500. ಈಗ ಉಳಿದ 16 ದೊಡ್ಡವರಲ್ಲಿ 12 ಮಂದಿ ಮೊದಲನೆಯವರಿಗೆ ತಲಾ 500, ನಾಲ್ವರು ಎರಡನೆಯವರಿಗೆ ತಲಾ 500, ಮಕ್ಕಳ 250ರಂತೆ 500 ಕೂಡ ಎರಡನೆಯವರಿಗೆ. ಲೆಕ್ಕ ಚುಕ್ತಾ, ಯಾರೂ ಎರಡು ಕಡೆ ದುಡ್ಡು ಕಳಿಸಬೇಕಾಗಿಲ್ಲ. ಕೂತಲ್ಲೇ ಯುಪಿಐನಲ್ಲಿ ಕಳಿಸಿ, ಕಾಗದದ ಮೇಲೆ ಹೆಸರಿನ ಮುಂದೆ ಟಿಕ್ ಹಾಕಿ, ಆ ಹಾಳೆಯ ಫೋಟೊ ಗುಂಪಿಗೆ ಹಾಕಿ. ‘ಊರಿಗೆ ಹೋದ ಮೇಲೆ ಕೊಡ್ತೀನಿ’ ಎಂಬ ಮಾತಿಗೆ ಇಲ್ಲಿ ಜಾಗ ಕೊಡಬೇಡಿ.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ. ರಾಜ್ಯದ ಮುಜರಾಯಿ ಇಲಾಖೆಯ ಕಾಶಿ ಯಾತ್ರೆ ಸಹಾಯಧನಕ್ಕೆ ಅರ್ಜಿ ಹಾಕುವವರು ಪ್ರಯಾಣದ ಟಿಕೆಟ್, ದರ್ಶನ ಅಥವಾ ಪೂಜೆಯ ರಸೀದಿಗಳನ್ನು ಒಂದೇ ಲಕೋಟೆಗೆ ಹಾಕಿಟ್ಟುಕೊಳ್ಳಲಿ. ಮನೆಗೆ ಹೋಗಿ ಹುಡುಕಿದರೆ ಸಿಗುವುದು ಅಂಗಡಿ ಬಿಲ್ಲುಗಳೇ.

ಗಂಗೆಯ ತಂಬಿಗೆ ಮತ್ತು ಮೂಟೆ

ಊರಿಗೆ ಬಂದು ಗಂಗಾ ಸಮಾರಾಧನೆ ಮಾಡುವವರಿಗೆ ಬೆಸುಗೆ ಹಾಕಿದ ತಾಮ್ರದ ತಂಬಿಗೆಗಳು ಬೇಕು. ಕಾಶಿಯಿಂದ ಗಂಗೆಯನ್ನು ಒಯ್ಯಬಾರದು, ಪ್ರಯಾಗದಿಂದಲೇ ತರಬೇಕು ಎಂಬ ನಂಬಿಕೆ ಇರುವ ಮನೆಗಳೂ ಉಂಟು. ಪ್ರಯಾಗಕ್ಕೆ ಹೋಗುವ ದಿನದ ಮೊದಲೇ ಮನೆಯ ಹಿರಿಯರನ್ನು ಕೇಳಿ ತೀರ್ಮಾನಿಸಿ. ಕೊಳ್ಳುವಾಗ ಪ್ರತಿ ತಂಬಿಗೆಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಆಮೇಲೆ ತಲೆಕೆಳಗಾಗಿ ಹಳೆಯ ನ್ಯೂಸ್‌ಪೇಪರ್ ಮೇಲೆ ಎರಡು ಗಂಟೆ ನಿಲ್ಲಿಸಿ. ಬೆಸುಗೆ ಬಿಟ್ಟಿದ್ದರೆ ಕಾಗದದ ಮೇಲೆ ಒದ್ದೆ ಉಂಗುರ ಮೂಡುತ್ತದೆ, ಬದಲಾಯಿಸಿಕೊಳ್ಳಲು ಅಂಗಡಿ ಇನ್ನೂ ತೆರೆದಿರುತ್ತದೆ. ಕೊನೆಯ ಸಂಜೆ ಕೊಂಡರೆ ಈ ಪರೀಕ್ಷೆಗೆ ಹೊತ್ತಿಲ್ಲ, ಸೋರುವುದು ಸೀರೆಯ ಮೇಲೆ.

ಕ್ಯಾನ್‌ನಲ್ಲಿ ತುಂಬಿಸಿಕೊಳ್ಳುವವರು ಕತ್ತಿನವರೆಗೆ ತುಂಬಬಾರದು, ಎರಡು ಬೆರಳು ಖಾಲಿ ಬಿಡಿ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆಯ ತುಂಡಿಟ್ಟು ತಿರುಗಿಸಿ, ಮೇಲೆ ಟೇಪ್ ಸುತ್ತಿ, ಎರಡು ಕವರುಗಳೊಳಗೆ ನೆಟ್ಟಗೆ ನಿಲ್ಲಿಸಿ. ಐದು ಲೀಟರಿನ ಒಂದು ಕ್ಯಾನ್ ಎಂದರೆ ಐದು ಕಿಲೊ. ವಿಮಾನದಲ್ಲಿ ಚೆಕ್‌ಇನ್ ಮಿತಿ ಸಾಮಾನ್ಯವಾಗಿ 15 ಕಿಲೊ ಎಂಬುದು ನೆನಪಿರಲಿ. ತಂಬಿಗೆಗಳನ್ನು ಚೆಕ್‌ಇನ್ ಪೆಟ್ಟಿಗೆಗೇ ಹಾಕಿ. ಒಳಗೇನಿದೆ ಎಂದು ತೆರೆದು ನೋಡಲಾಗದ ಲೋಹದ ಪಾತ್ರೆಯನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯವರು ತಡೆಯಬಹುದು. ಪೂಜೆಯ ಚೀಲದಲ್ಲಿ ಉಳಿದ ಕರ್ಪೂರ, ಬೆಂಕಿಪೊಟ್ಟಣ ತೆಗೆದುಬಿಡಿ, ವಿಮಾನದಲ್ಲಿ ಅವು ನಿಷಿದ್ಧ. ಒಣಕೊಬ್ಬರಿ ಚೆಕ್‌ಇನ್‌ನಲ್ಲಿ ಹೋಗುವುದಿಲ್ಲ, ಪವರ್ ಬ್ಯಾಂಕ್ ಇರಬೇಕಾದದ್ದು ಕೈಚೀಲದಲ್ಲಿ ಮಾತ್ರ.

ಪ್ಯಾಕಿಂಗ್ ದೋಣಿಗೆ ಹೊರಡುವ ಮೊದಲು ಮುಗಿಯಬೇಕು. ಹೊರಗೆ ಉಳಿಯುವುದು ರಾತ್ರಿಯ ಬಟ್ಟೆ, ಮಾತ್ರೆ, ಚಾರ್ಜರ್, ಶಾಲು. ತೇವದ ಪಂಚೆ, ಟವೆಲ್ ಬೇರೆ ಪ್ಲಾಸ್ಟಿಕ್ ಚೀಲಕ್ಕೆ. ಪ್ರತಿ ಮೂಟೆಗೂ ಗುಂಪಿನ ಒಂದೇ ಬಣ್ಣದ ರಿಬ್ಬನ್ ಕಟ್ಟಿ ಒಟ್ಟು ಎಷ್ಟು ಎಂದು ಬರೆದುಕೊಳ್ಳಿ. ಸ್ಟೇಷನ್ನಿನಲ್ಲಿ ಜನರನ್ನು ಎಣಿಸಿದಂತೆ ಮೂಟೆಯನ್ನೂ ಎಣಿಸಬೇಕು. ಕೊಠಡಿ ಖಾಲಿ ಮಾಡುವಾಗ ನೋಡಬೇಕಾದ ಜಾಗಗಳು: ದಿಂಬಿನ ಕೆಳಗೆ (ಕನ್ನಡಕ), ಸ್ನಾನದ ಮನೆಯ ಮೊಳೆ (ತಾಳಿ ಸರ, ಜನಿವಾರದ ಪೊಟ್ಟಣ), ಪ್ಲಗ್ ಪಾಯಿಂಟ್, ಗಾಜಿನ ಲೋಟ (ಹಲ್ಲಿನ ಸೆಟ್). ಲಾಡ್ಜ್‌ನ ಬಿಲ್ಲನ್ನು ರಾತ್ರಿಯೇ ಚುಕ್ತಾ ಮಾಡಿ, ಆಧಾರ್ ಪ್ರತಿಗಳ ಜೊತೆ ಮೂಲ ಕಾರ್ಡ್ ಕೌಂಟರಿನಲ್ಲಿ ಉಳಿದಿದೆಯೇ ಎಂದು ಕೇಳಿ.

ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಂಜಿನಿಂದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ದೋಣಿ ಹತ್ತುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ರೈಲಿನ ಸ್ಥಿತಿ ನೋಡಿ. ನಾಲ್ಕು ಗಂಟೆಗಿಂತ ಹೆಚ್ಚು ತಡ ಎಂದು ತೋರಿಸಿದರೆ ಲಾಡ್ಜ್‌ನಲ್ಲಿ ಎರಡು ಕೊಠಡಿ ಮಾತ್ರ ಉಳಿಸಿಕೊಂಡು ಹಿರಿಯರನ್ನು, ಮಕ್ಕಳನ್ನು ಮಲಗಿಸಿ. ಡಿಡಿಯು ಪ್ಲಾಟ್‌ಫಾರ್ಮಿನ ಕೊರೆಯುವ ಗಾಳಿಯಲ್ಲಿ ರಾತ್ರಿಯೆಲ್ಲ ಕೂರುವುದಕ್ಕಿಂತ ಅದು ಅಗ್ಗ. ಆದರೆ ಸ್ಥಿತಿಯನ್ನು ಪ್ರತಿ ಅರ್ಧ ಗಂಟೆಗೊಮ್ಮೆ ನೋಡುವ ಕೆಲಸ ಒಬ್ಬರ ಹೆಸರಿಗೇ ಇರಲಿ, ತಡವಾದ ರೈಲು ದಾರಿಯಲ್ಲಿ ಸ್ವಲ್ಪ ಸಮಯ ಸರಿದೂಗಿಸಿಕೊಳ್ಳುವುದೂ ಉಂಟು. ಹೊರಡುವ ಲೆಕ್ಕಕ್ಕೆ ತೋರಿಸಿದ ತಡದಿಂದ ಒಂದು ಗಂಟೆ ಕಳೆದೇ ಹಿಡಿಯಿರಿ.